ಹಿಮದ ಅಡಿಯ ಪದರ



ಚಳಿಗಾಲದಲ್ಲಿ ಯೂರೋಪಿನ ಆಲ್ಪ್ಸ್ ಶಿಖರಗಳನ್ನು ಏರಬಯಸುವ ಅನೇಕರು ಒಬ್ಬ ಮಾರ್ಗದರ್ಶಿಯ ಹಿಂದೆ ಹೊರಡುತ್ತಾರೆ. ಹೊರಡುವ ಮುನ್ನ ಮಾರ್ಗದರ್ಶಿ ಒಬ್ಬೊಬ್ಬರನ್ನೂ ನಿಲ್ಲಿಸಿ, ಅವರು ಮೈಗೆ ಕಟ್ಟಿಕೊಂಡ ಪುಟ್ಟ ರೇಡಿಯೋ ಯಂತ್ರ ಸಂಕೇತ ಕಳಿಸುತ್ತಿದೆಯೇ ಎಂದು ಪರೀಕ್ಷಿಸುತ್ತಾನೆ. ಪ್ರತಿಯೊಬ್ಬರ ಚೀಲದಲ್ಲೂ ಒಂದು ಸಲಿಕೆ, ಹಿಮಕ್ಕೆ ಚುಚ್ಚಿ ನೋಡಲು ಮಡಚುವ ಉದ್ದನೆಯ ಸರಳು ಇರಲೇಬೇಕು. ಹಿಮನದಿಯ ಮೇಲೆ ನಡೆಯುವಾಗ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಆಳವಾದ ಬಿರುಕುಗಳ ಮೇಲೆ ಹಿಮ ತೆಳುವಾಗಿ ಮುಚ್ಚಿಕೊಂಡಿರುತ್ತದೆ.

ಮುಂದಿನ ಇಳಿಜಾರು ಹಾಲು ಚೆಲ್ಲಿದಂತೆ ಸುಂದರ. ಆದರೆ ಮಾರ್ಗದರ್ಶಿ ಅದನ್ನು ಸುಮ್ಮನೆ ನಂಬುವುದಿಲ್ಲ. ಸಂಶಯ ಬಂದರೆ ಗುಂಡಿ ತೋಡಿ ಹಿಮದ ಪದರಗಳನ್ನು ನೋಡುತ್ತಾನೆ. ಚಳಿಗಾಲದ ಆರಂಭದಲ್ಲಿ ಬಿದ್ದ ತೆಳು ಹಿಮ, ಮೋಡವಿಲ್ಲದ ಕೊರೆಯುವ ರಾತ್ರಿಗಳಲ್ಲಿ ಸಕ್ಕರೆಯ ಹರಳಿನಂತಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಹೊಸ ಹಿಮ ಬಿದ್ದು ಹಲಗೆಯಂತೆ ಗಟ್ಟಿಯಾಗುತ್ತದೆ. ಅಡಿಯ ಹರಳುಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತವೆ. ಆಮೇಲೆ ಒಬ್ಬ ಮನುಷ್ಯನ ಭಾರ ಸಾಕು, ಇಡೀ ಇಳಿಜಾರು ಬಿರುಕುಬಿಟ್ಟು ಜಾರುತ್ತದೆ. ಹಿಮಕುಸಿತಕ್ಕೆ ಸಿಕ್ಕ ಪರ್ವತಾರೋಹಿಗಳಲ್ಲಿ ಹೆಚ್ಚಿನವರ ವಿಷಯದಲ್ಲಿ, ಅದನ್ನು ಕೆರಳಿಸಿದವರು ಅವರೇ ಅಥವಾ ಅವರ ಸಂಗಡಿಗರೇ.

ಇದನ್ನು ಓದಿದಾಗ ನನಗೆ ನನ್ನ ಮನೆಯೇ ನೆನಪಾಯಿತು. ತಂದೆಯವರು ತೀರಿಕೊಂಡ ವರ್ಷ, ಮನೆಯ ಪಾಲಿನ ವಿಷಯದಲ್ಲಿ ಅಣ್ಣ ಆಡಿದ ಒಂದು ಮಾತು ನನ್ನ ಮನಸ್ಸಿನ ಅಡಿಯಲ್ಲಿ ಉಳಿದುಬಿಟ್ಟಿತು. ಹಬ್ಬಗಳಿಗೆ ಹೋದೆ, ಅತ್ತಿಗೆ ಬಡಿಸಿದ್ದನ್ನು ಉಂಡೆ, ಮಕ್ಕಳನ್ನು ಆಶೀರ್ವದಿಸಿದೆ. ಪೀಠದ ಮುಂದೆ ನಿಂತು ಕ್ಷಮೆಯ ಬಗ್ಗೆ ಪ್ರಬೋಧನೆಯನ್ನೂ ಮಾಡಿದೆ! ಏಳು ವರ್ಷದ ಮೇಲೆ, ಅವನ ಮಗಳ ಮದುವೆಯ ಮಾತುಕತೆ ನಡೆದಾಗ, ಊಟದ ಖರ್ಚಿನ ಬಗ್ಗೆ ಅಣ್ಣ ತಮಾಷೆಗೆ ಏನೋ ಅಂದ. ನಾನು ಎಲ್ಲರೆದುರು ಕಿರುಚಿ ಎದ್ದುಬಂದೆ. ಅವನ ತಮಾಷೆಗೆ ಅಷ್ಟು ಭಾರವಿರಲಿಲ್ಲ. ಭಾರ ತಾಳದ ಪದರ ನನ್ನಲ್ಲಿತ್ತು.

ಹಿಮದಡಿ ಪೂರ್ತಿ ಹೂತುಹೋದವನು ತನ್ನನ್ನು ತಾನೇ ಅಗೆದುಕೊಳ್ಳಲಾರ. ಕುಸಿದು ನಿಂತ ಹಿಮ ಸಿಮೆಂಟಿನಂತೆ ಬಿಗಿಯುತ್ತದೆ. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಳಿಯುವವರು ಕಡಿಮೆ. ಕೆಳಗಿನ ಊರಿನಿಂದ ಸಹಾಯ ಬರುವವರೆಗೆ ಕಾಯುವಂತಿಲ್ಲ. ಪಕ್ಕದಲ್ಲಿರುವವನ ಸಲಿಕೆಯೇ ಪ್ರಾಣ ಉಳಿಸಬೇಕು.

ಅಂದು ರಾತ್ರಿ ಅತ್ತಿಗೆ ಫೋನ್ ಮಾಡಿದರು. "ಸ್ವಾಮಿ, ನಾಳೆ ಅನ್ನಬೇಡಿ, ಈಗಲೇ ಬನ್ನಿ. ದಿನ ಕಳೆದರೆ ಇಬ್ಬರ ಮನಸ್ಸೂ ಕಲ್ಲಾಗುತ್ತೆ. ಅವರಿನ್ನೂ ಊಟ ಮಾಡಿಲ್ಲ" ಎಂದರು. ಹೋದೆ. ಅಣ್ಣ ಜಗಲಿಯ ಮೇಲೆ ಕುಳಿತಿದ್ದ. ಏಳು ವರ್ಷದ ಹಿಂದಿನ ಆ ಮಾತನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಅವನಿಗೆ ಅದು ನೆನಪೇ ಇರಲಿಲ್ಲ.

ಎಫೆಸಿಯರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಕೋಪಕ್ಕೆ ಒಂದೇ ದಿನದ ಗಡುವು ಇಟ್ಟಿದ್ದೇಕೆಂದು ಅಂದು ನನಗೆ ಅರ್ಥವಾಯಿತು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನ ಬಳಿಗೆ ಹಿಂತಿರುಗಬೇಕೆಂದು ಪ್ರಭು ಯೇಸು ಬೋಧಿಸಿದ್ದೂ ಇದಕ್ಕಾಗಿಯೇ.

ಆದರೆ ಹಿಂತಿರುಗುವುದು ಸೋಲಲ್ಲವೇ ಎಂದು ನೀವು ಕೇಳಬಹುದು. ಬೆಟ್ಟಗಳನ್ನು ಬಲ್ಲವರು ಹಾಗೆ ಹೇಳುವುದಿಲ್ಲ. 1820ರ ಆಗಸ್ಟ್‌ನಲ್ಲಿ ಮೋಂ ಬ್ಲಾಂ ಶಿಖರದ ಮೇಲೆ, ಹೊಸ ಹಿಮದಲ್ಲಿ ಮುಂದುವರಿದ ತಂಡವೊಂದರ ಮೂವರು ಮಾರ್ಗದರ್ಶಿಗಳು ಹಿಮಕುಸಿತಕ್ಕೆ ಬಲಿಯಾದರು. ಮರುವರ್ಷವೇ, 1821ರಲ್ಲಿ, ಶಾಮೊನಿಯ ಮಾರ್ಗದರ್ಶಿಗಳು ತಮ್ಮ ಸಂಘ ಕಟ್ಟಿಕೊಂಡರು. ಶಿಖರ ಕಣ್ಣೆದುರೇ ಇದ್ದರೂ "ಇಂದು ಸಾಕು, ಹಿಂತಿರುಗೋಣ" ಎನ್ನಬಲ್ಲವನೇ ಒಳ್ಳೆಯ ಮಾರ್ಗದರ್ಶಿ.

ಜಗದ್ಗುರು ಹನ್ನೊಂದನೆಯ ಭಕ್ತಿನಾಥರು, ಅಂದರೆ ಪೋಪ್ ಹನ್ನೊಂದನೆಯ ಪಿಯುಸ್, ಇದನ್ನು ಅನುಭವದಿಂದ ಬಲ್ಲವರು. 1889ರ ಜುಲೈನಲ್ಲಿ, ಇನ್ನೂ ಯುವ ಗುರುಗಳಾಗಿದ್ದಾಗ, ಮಾರ್ಗದರ್ಶಿಗಳ ಜೊತೆ ಮೋಂತೆ ರೋಸಾದ 4,634 ಮೀಟರ್ ಎತ್ತರದ ಶಿಖರವನ್ನು ಏರಿದರು. ಶಿಖರದ ಸಮೀಪ ಇಕ್ಕಟ್ಟಾದ ಬಂಡೆಯ ಮೇಲೆ ಕೊರೆಯುವ ಚಳಿಯಲ್ಲಿ ರಾತ್ರಿ ಕಳೆದರು. ಪರ್ವತಾರೋಹಣಕ್ಕೆ ಬೇಕಾದದ್ದು ಹುಚ್ಚು ಸಾಹಸವಲ್ಲ, ವಿವೇಕ ಎಂಬುದು ಅವರ ನಿಲುವು. 1923ರಲ್ಲಿ ಅವರೇ ಮೆಂತೋನಿನ ಸಂತ ಬೆರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸಿದರು. ಈ ಸಂತರು ಸುಮಾರು 2,469 ಮೀಟರ್ ಎತ್ತರದ ಕಣಿವೆದಾರಿಯಲ್ಲಿ ಪ್ರಯಾಣಿಕರಿಗಾಗಿ ಆಶ್ರಯಧಾಮ ಕಟ್ಟಿದವರು. ಸಾವಿರ ವರ್ಷ ಸಮೀಪಿಸಿದರೂ ಅಲ್ಲಿ ಬಂದವರನ್ನು ಇಂದಿಗೂ ಬರಮಾಡಿಕೊಳ್ಳುತ್ತಾರೆ.

ಪ್ರಿಯರೇ, ನಮ್ಮ ಕುಟುಂಬಗಳೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವ ತಂಡಗಳೇ. ಒಬ್ಬರು ಬಿದ್ದರೆ ಎಳೆತ ಎಲ್ಲರಿಗೂ ತಾಗುತ್ತದೆ. ಮುಂದೆ ನಡೆಯುವ ಮಾರ್ಗದರ್ಶಿ ಕ್ರಿಸ್ತರು. ಈ ವಾರ ಮಲಗುವ ಮುನ್ನ ಆತ್ಮಶೋಧನೆ ಮಾಡುವಾಗ ಮೇಲಿನ ಬಿಳುಪನ್ನು ನೋಡಿ ತೃಪ್ತರಾಗದೆ, ಸ್ವಲ್ಪ ಆಳಕ್ಕೆ ಅಗೆಯಿರಿ. ಅಲ್ಲಿ ಯಾವ ವರ್ಷದ, ಯಾರ ಮಾತು ಕರಗದೆ ಉಳಿದಿದೆ? ಪಾಪನಿವೇದನೆಯಲ್ಲಿ ಅದನ್ನು ದೇವರ ಮುಂದೆ ಹೇಳಿರಿ. ಆಮೇಲೆ ಎದ್ದು ಅವರ ಮನೆಗೂ ಹೋಗಿರಿ. ಬೇರೆಯವರ ಮನೆಯಲ್ಲಿ ಕುಸಿತವಾದರೆ, ನನ್ನ ಅತ್ತಿಗೆಯಂತೆ, ಬೆಳಗಾಗಲೆಂದು ಕಾಯಬೇಡಿರಿ.