ಒಂಟಿಯ ಗಿರಿಯಾನವೂ ಗೃಹಸ್ಥಧರ್ಮವೂ

ಮನೆ, ಮಕ್ಕಳು, ಕಾಯಕ ಇವುಗಳ ನಡುವೆ ಬಾಳುವ ಭಕ್ತನು ಒಂದು ದಿನದ ಮಟ್ಟಿಗೆ ಎಲ್ಲವನ್ನೂ ಬದಿಗಿರಿಸಿ, ಜೊತೆಗಾರರಿಲ್ಲದೆ, ಜನಸಂಚಾರ ವಿರಳವಾದ ಬೆಟ್ಟಗಳನ್ನು ಒಂದಾದ ಮೇಲೊಂದರಂತೆ ಏರಿ ಇಳಿದು ಬರಬಹುದೆ? ಇದು ಧರ್ಮಸಮ್ಮತವಾದ ಏಕಾಂತವೋ, ಇಲ್ಲವೆ ಸಾಹಸದ ಹೆಸರನ್ನು ಹೊತ್ತ ಅಹಂಕಾರವೋ? ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಆದರೆ ‘ಈ ದೇಹವು ಯಾರದು?’ ಎಂಬ ದೊಡ್ಡ ಪ್ರಶ್ನೆಯು ಅದರೊಳಗೆ ಅಡಗಿರುವುದರಿಂದ ಶರಣಧರ್ಮದ ಬೆಳಕಿನಲ್ಲಿ ಅದನ್ನು ವಿಚಾರಿಸುವುದು ಉಚಿತವಾಗಿದೆ.

ಹೊನ್ನಾವರ ತಾಲೂಕಿನ ಹಳದೀಪುರದಂಥ ಊರಿನಲ್ಲಿ ನಿಂತವರಿಗೆ ಈ ಆಸೆಯು ಸಹಜವಾಗಿಯೇ ಹುಟ್ಟುವುದು. ಪಡುವಲಲ್ಲಿ ಕಡಲು, ಮೂಡಲಲ್ಲಿ ಸಹ್ಯಾದ್ರಿಯ ಸಾಲು. ನಡುವೆ ಗದ್ದೆ ತೋಟಗಳ ಕಿರಿದಾದ ನೆಲ. ಅದೇ ತಾಲೂಕಿನ ಕರಿಕಾನಮ್ಮನ ಬೆಟ್ಟಕ್ಕೆ ಜನರು ಮನೆಮಂದಿಯೊಡನೆ ಹೋಗಿ, ದರ್ಶನ ಪಡೆದು, ದೂರದ ಕಡಲನ್ನು ಕಣ್ತುಂಬ ನೋಡಿ ಬರುವರು. ಅದರಾಚೆಗಿನ ಕಾಡುಬೆಟ್ಟಗಳಾದರೋ ಬೇರೆಯೇ ಲೋಕ. ಅದು ಸಿಂಗಳೀಕ, ಕಾಳಿಂಗಸರ್ಪಗಳ ನೆಲೆ. ಮಳೆಗಾಲದಲ್ಲಿ ಇಂಬಳಗಳ ಕಾಟ. ಮಂಜು ಮುಸುಕಿದರೆ ಹತ್ತು ಹೆಜ್ಜೆಯ ಆಚೆಗಿನ ದಾರಿಯೂ ಕಾಣದು.

ಇಂತಹ ನಡಿಗೆಯ ಸ್ವರೂಪವನ್ನು ತಿಳಿಯಲು ಇದೇ ಸಹ್ಯಾದ್ರಿಯ ದಕ್ಷಿಣಕ್ಕಿರುವ ಕುಮಾರಪರ್ವತವನ್ನು ನೆನೆಯಬಹುದು. ಅದರ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟವನು ಸುಮಾರು 1,600 ಮೀಟರ್ ಏರಬೇಕು. ಗಿರಿಗದ್ದೆ, ಕಲ್ಲುಮಂಟಪಗಳನ್ನು ಹಾದು ಶೇಷಪರ್ವತವನ್ನು ಮುಟ್ಟಿದಾಗ ಪಯಣವು ಮುಗಿಯಿತೆಂದು ಅನ್ನಿಸುವುದು. ಮುಗಿದಿರುವುದಿಲ್ಲ. ಅಲ್ಲಿಂದ ಕಾಡಿನ ತಗ್ಗಿಗೆ ಇಳಿದು ಮತ್ತೆ ಬಂಡೆಯನ್ನೇರಬೇಕು. ಬೆವರು ಸುರಿಸಿ ಗಳಿಸಿದ ಎತ್ತರವನ್ನು ಬಿಟ್ಟುಕೊಡದೆ ಮುಂದಿನ ಶಿಖರವು ದೊರೆಯದು. ಷಟ್‌ಸ್ಥಲದ ಸಾಧಕನಿಗೂ ಇದು ತಿಳಿದ ಮಾತೇ. ಭಕ್ತಸ್ಥಲದಲ್ಲಿ ಪಡೆದ ಹೆಮ್ಮೆಯನ್ನು ಹೊತ್ತುಕೊಂಡು ಮಹೇಶಸ್ಥಲಕ್ಕೆ ಕಾಲಿಡಲಾಗದು.

ಹಾಗಾದರೆ ಒಬ್ಬನೇ ಏಕೆ ಹೋಗಬೇಕು? ಇದಕ್ಕೆ ನ್ಯಾಯವಾದ ಕಾರಣವಿಲ್ಲದಿಲ್ಲ. 2024ರ ಜನವರಿಯ ಕೊನೆಯ ವಾರದ ರಜಾದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯನ್ನು ಮೀರಿಸುವ ಜನಸಂದಣಿ ಸೇರಿತು. ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರಕಾರವು ತಾತ್ಕಾಲಿಕವಾಗಿ ತಡೆಯಬೇಕಾಯಿತು. ಆ ಗದ್ದಲದಲ್ಲಿ ಮನಸ್ಸು ಅಂತರ್ಮುಖವಾಗುವುದೆಂತು? ಮೌನವನ್ನು ಬಯಸಿದವನು ಒಂಟಿ ದಾರಿಯನ್ನು ಹಿಡಿದರೆ ಅದನ್ನು ತಪ್ಪೆನ್ನಲಾಗದು. ಆದರೂ ಒಂದು ಮಾತನ್ನು ಮರೆಯಬಾರದು. ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡು ದೃಷ್ಟಿ ನೆಟ್ಟವನಿಗೆ ಏಕಾಂತವು ಮನೆಯ ಮೂಲೆಯಲ್ಲಿಯೇ ದಿನವೂ ಲಭ್ಯವಿದೆ. ಅಲ್ಲಿ ಅದನ್ನು ಕಾಣದವನಿಗೆ ಶಿಖರದ ಮೇಲೆ ದೊರೆಯುವುದು ಒಂಟಿತನವೇ ಹೊರತು ಏಕಾಂತವಲ್ಲ.

‘ಅಕ್ಕಮಹಾದೇವಿಯು ಒಬ್ಬಳೇ ಶ್ರೀಶೈಲಕ್ಕೆ ನಡೆಯಲಿಲ್ಲವೆ?’ ಎಂದು ಕೇಳುವವರುಂಟು. ನಡೆದದ್ದು ನಿಜ. ಆದರೆ ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲದ ಕದಳಿಗೂ ಸಾಗಿದ ಆ ತಾಯಿಯು ಅರಮನೆಯನ್ನೂ ಉಡುಗೆಯನ್ನೂ ತೊರೆದು ಹೊರಟವಳು. ಸಂಜೆಗೆ ಹಿಂದಿರುಗಬೇಕಾದ ಮನೆಯೊಂದು ಆಕೆಗೆ ಇರಲಿಲ್ಲ. ಮನೆಯುಳ್ಳವನು ಅಕ್ಕನ ಒಂಟಿತನವನ್ನು ಎರವಲು ಪಡೆಯುವುದು ಸಲ್ಲದು. ಅವನಿಗೆ ಹತ್ತಿರವಾದ ಮಾದರಿ ಬೇರೊಂದಿದೆ. ಹನ್ನೆರಡನೆಯ ಶತಮಾನದ ಕಲ್ಯಾಣಕ್ರಾಂತಿಯ ತರುವಾಯ ಚೆನ್ನಬಸವಣ್ಣನವರೊಡನೆ ಶರಣರು ಕಾಡುಬೆಟ್ಟಗಳನ್ನು ದಾಟಿ ಇದೇ ಉತ್ತರ ಕನ್ನಡದ ಉಳವಿಗೆ ಬಂದರೆಂದು ಪರಂಪರೆಯು ಹೇಳುತ್ತದೆ. ಅದು ಗಣದ ನಡಿಗೆ. ಬಳಲಿದವರನ್ನು ಬಿಟ್ಟು ಮುಂದೆ ಓಡುವ ನಡಿಗೆಯಲ್ಲ.

ಇನ್ನು ಒಂಟಿ ಸಾಹಸಿಗಳ ಬಾಯಲ್ಲಿ ಕೇಳಿಬರುವ ವಾದವೊಂದಿದೆ: ‘ಕೇಡಾದರೆ ನನಗೆ ತಾನೆ, ಇತರರಿಗೇನು?’ ಎಂಬುದು. ಇದನ್ನು ಶರಣಧರ್ಮವು ಒಪ್ಪದು. ದೇಹವು ಪ್ರಸಾದಕಾಯ, ಅದು ಶಿವನು ಕಾಯಕಕ್ಕಾಗಿ ಇತ್ತದ್ದು. ಒಬ್ಬನ ಕಾಲು ಉಳುಕಿ ಅವನು ಇರುಳು ಕಾಡಿನಲ್ಲಿ ಉಳಿದರೆ, ಬೆಟ್ಟದ ಬುಡದ ಊರಿನವರು ತಮ್ಮ ತೋಟದ ಕೆಲಸವನ್ನು ಬಿಟ್ಟು ಪಂಜು ಹಿಡಿದು ಹುಡುಕಬೇಕು; ಅರಣ್ಯ ಕಾವಲುಗಾರರು ನಿದ್ದೆಗೆಡಬೇಕು; ಮನೆಯವರು ಬಾಗಿಲಲ್ಲಿ ಕಾದಿರಬೇಕು. ಹೀಗಿರಲು ಕೇಡು ಅವನೊಬ್ಬನದೇ ಆಗುವುದೆಂತು? ಪಂಚಾಚಾರಗಳಲ್ಲಿ ಗಣಾಚಾರ, ಭೃತ್ಯಾಚಾರಗಳು ಸೇರಿರುವುದನ್ನು ಇಲ್ಲಿ ನೆನೆಯಬೇಕು.

ಅಪಾಯವೆಂಬ ಮಾತ್ರಕ್ಕೆ ಅಧರ್ಮವೆಂದೂ ಹೇಳಬಾರದು. ಈ ಸೀಮೆಯ ಅಡಿಕೆ ತೋಟಗಳಲ್ಲಿ ಕೊನೆಗೌಡನನ್ನು ನೋಡಿರಿ. ಅವನು ಮುಗಿಲೆತ್ತರದ ಮರವನ್ನು ಒಬ್ಬನೇ ಏರುವನು. ಒಂದರ ತುದಿಯಿಂದ ಇನ್ನೊಂದಕ್ಕೆ ದಾಟುವನು. ಅವನ ಅಪಾಯವು ಕಾಯಕದ್ದು, ಅನ್ನಕ್ಕಾಗಿ ಹೊತ್ತದ್ದು. ಗಿರಿಯಾತ್ರಿಯದು ತಾನಾಗಿ ಬಯಸಿ ತಂದುಕೊಂಡದ್ದು. ಆದುದರಿಂದಲೇ ಗಿರಿಯಾತ್ರಿಗೆ ಹೆಚ್ಚಿನ ಎಚ್ಚರವು ಬೇಕು. ಮೇಲಾಗಿ ಕೊನೆಗೌಡನು ಏರುವಾಗ ಒಬ್ಬನೇ ಆದರೂ ಕೆಳಗೆ ಹಗ್ಗ ಹಿಡಿದು ನಿಂತು ಕೊನೆಗಳನ್ನು ಇಳಿಸಿಕೊಳ್ಳುವವನೊಬ್ಬನಿರುವನು.

ಬೆಟ್ಟವನ್ನು ಒಂಟಿಯಾಗಿ ಏರುವ ಗೃಹಸ್ಥನಿಗೂ ಅಂತಹವನೊಬ್ಬನು ಬೇಕು. ಹೋಗುವ ದಾರಿ, ಹಿಂದಿರುಗುವ ಹೊತ್ತು ಇವನ್ನು ಮನೆಯಲ್ಲಿ ತಿಳಿಸಿ, ಅರಣ್ಯ ಇಲಾಖೆಯ ಅಪ್ಪಣೆಯನ್ನು ಪಡೆದು, ಮಳೆಗಾಲವನ್ನು ಬಿಟ್ಟು ಹೊರಡಲಿ. ಮೂರು ಶಿಖರಗಳನ್ನು ಸಂಕಲ್ಪಿಸಿದ್ದರೂ ಎರಡನೆಯದರಲ್ಲಿ ಹೊತ್ತು ಬಾಗಿದರೆ, ಮಂಜು ಕವಿದರೆ, ಮೂರನೆಯದನ್ನು ಕಣ್ಣೆದುರಿಗೇ ಬಿಟ್ಟು ಮರಳಲಿ. ಒಬ್ಬನೇ ಇರುವಾಗ ಸೋತನೆನ್ನುವವರಿಲ್ಲ, ಗೆದ್ದನೆನ್ನುವವರೂ ಇಲ್ಲ; ಅಹಂಕಾರವಿದ್ದರೆ ಅದು ತನ್ನೊಳಗಿನದೇ ಎಂದು ಅಲ್ಲಿ ಸ್ಪಷ್ಟವಾಗುವುದು. ಆ ಕ್ಷಣದಲ್ಲಿ ಹಿಂದಿರುಗಬಲ್ಲವನಿಗೆ ಒಂಟಿಯಾಗಿ ಹೋಗುವ ಅಧಿಕಾರವುಂಟು; ಹಿಂದಿರುಗಲಾರದವನಿಗೆ ಇಲ್ಲ. ಸಂಜೆಯ ಲಿಂಗಪೂಜೆಯ ಹೊತ್ತಿಗೆ ಮನೆಯನ್ನು ಸೇರಿ, ಮರುದಿನ ಕಾಯಕಕ್ಕೆ ಹಗುರಾದ ಮನಸ್ಸಿನಿಂದ ತೊಡಗಿದರೆ ಅವನ ಗಿರಿಯಾತ್ರೆಯು ಸಾರ್ಥಕವಾಯಿತೆಂದು ತಿಳಿಯಬೇಕು.