ನೆಲ ನಮ್ಮದು, ಜನ ಯಾರವರು?

ಇನ್ನೊಬ್ಬರ ನೆಲದ ಮೇಲೆ ಹಕ್ಕು ಸಾರಲು ಹಿಂದೆ ದಂಡು ಹೊರಡಬೇಕಿತ್ತು. ಈಗ ಸವಲತ್ತು ಹೊರಟರೂ ಆದೀತು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನವೆಂದು ಹೇಳಿಕೊಳ್ಳುವ ಕರ್ನಾಟಕದ 865 ಊರುಗಳಿಗೆ ಮಹಾತ್ಮ ಜ್ಯೋತಿರಾವ್ ಫುಲೆ ಹೆಸರಿನ ಆರೋಗ್ಯ ವಿಮೆಯನ್ನು ವಿಸ್ತರಿಸಲು ಮುಂದಾಯಿತು. ಕರ್ನಾಟಕ ಸಿಡಿದೆದ್ದಿತು. ಗಡಿ ತಕರಾರು 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವಾಗ ಇದು ಹಿಂಬಾಗಿಲಿನ ಪ್ರವೇಶ ಎಂಬ ಸಿಟ್ಟು ನ್ಯಾಯವಾದದ್ದೇ.

ಈ ದಾರಿ ಎಲ್ಲಿಗೆ ಒಯ್ಯಬಲ್ಲದೆಂಬುದನ್ನು ಜಗತ್ತು ಕಂಡಿದೆ. ಜಾರ್ಜಿಯಾ ದೇಶದ ದಕ್ಷಿಣ ಒಸ್ಸೆಟಿಯಾದಲ್ಲಿ ರಷ್ಯಾ ಮೊದಲು ಪಾಸ್‌ಪೋರ್ಟ್ ಹಂಚಿತು. 2008ರಲ್ಲಿ ‘ನಮ್ಮ ಪ್ರಜೆಗಳನ್ನು ಕಾಯುತ್ತೇವೆ’ ಎಂದು ಸೈನ್ಯ ನುಗ್ಗಿಸಿತು. ನಮ್ಮ ರಾಜ್ಯಗಳ ನಡುವೆ ಸೈನ್ಯ ನುಗ್ಗುವ ಭಯವಿಲ್ಲ. ದೇಶದ ನೆಲವನ್ನು ಪರರಿಗೆ ಬಿಟ್ಟುಕೊಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. 1960ರ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆದರೆ ರಾಜ್ಯಗಳ ನಡುವಿನ ಗೆರೆಯನ್ನು ಸಂಸತ್ತು ಸಂವಿಧಾನದ 3ನೇ ವಿಧಿಯಡಿ ಸಾಮಾನ್ಯ ಕಾಯ್ದೆಯಿಂದಲೇ ಬದಲಿಸಬಹುದು. ಅಂದರೆ ರಾಜ್ಯವೊಂದರ ಗಡಿಗೆ ಕಾನೂನಿನ ಗೋಡೆ ಅಷ್ಟೇನೂ ಎತ್ತರದ್ದಲ್ಲ. ಅದನ್ನು ನಿಜವಾಗಿ ಕಾಯುವುದು ಒಳಗಿರುವವರ ವಿಶ್ವಾಸ.

ಆ ವಿಶ್ವಾಸ ಎಲ್ಲಿಂದ ಬರುತ್ತದೆ? ದಿನನಿತ್ಯದ ಬದುಕಿನಿಂದ. ನಮ್ಮ ಗಡಿಯ ಕಾಗವಾಡ, ಅಥಣಿಯ ರೋಗಿ ದೊಡ್ಡ ದವಾಖಾನೆಗೆಂದು ಮಹಾರಾಷ್ಟ್ರದ ಮಿರಜಿಗೆ ಹೋಗುತ್ತಾನೆ, ಅದು ಹತ್ತಿರ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಚಿಕ್ಕೋಡಿ, ನಿಪ್ಪಾಣಿ ಸೀಮೆಯಲ್ಲಿ ದೂಧಗಂಗಾ, ವೇದಗಂಗಾ ನದಿಗಳ ತಗ್ಗು ಸೇತುವೆಗಳು ಮುಳುಗುತ್ತವೆ. 2019ರ ನೆರೆಯಲ್ಲಿ ಕೃಷ್ಣೆ ಈ ತಾಲ್ಲೂಕುಗಳಿಗೂ ಕೊಲ್ಹಾಪುರ, ಸಾಂಗಲಿಗೂ ಒಂದೇ ಪಾಡು ತಂದಳು. ರಾಯಬಾಗವಂತೂ 1949ರವರೆಗೆ ಕೊಲ್ಹಾಪುರ ಸಂಸ್ಥಾನದ್ದೇ ಆಗಿತ್ತು. ಇಲ್ಲಿಯವರಿಗೆ ಗಡಿ ನಿತ್ಯ ದಾಟುವ ದಾರಿ. 2022ರ ಡಿಸೆಂಬರಿನಲ್ಲಿ ಗಡಿ ತಕರಾರು ಕೆರಳಿ ಎರಡೂ ಕಡೆ ವಾಹನಗಳಿಗೆ ಕಲ್ಲು ಬಿದ್ದು ಬಸ್ಸುಗಳು ನಿಂತಾಗ ಯಾವ ರಾಜ್ಯಕ್ಕೂ ಅಂಗುಲ ನೆಲ ದಕ್ಕಲಿಲ್ಲ. ಇವರ ದಾರಿಯಷ್ಟೇ ಕಟ್ಟಿಹೋಯಿತು.

ಅದೇ ದಿನಗಳಲ್ಲಿ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕೆಲವು ಹಳ್ಳಿಗಳವರು ‘ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ’ ಎಂದರು. ನಾವು ಹಿಗ್ಗಿದೆವು. ಅಲ್ಲಿನ ಸರ್ಕಾರ ಮ್ಹೈಸಾಳ ನೀರಾವರಿ ಯೋಜನೆಯ ಕಡತವನ್ನು ಗಡಿಬಿಡಿಯಿಂದ ಬಿಚ್ಚಿತು. ಭಾಷೆಯ ಕೂಗೆಂದು ನಾವು ಕೇಳಿಸಿಕೊಂಡದ್ದರಲ್ಲಿ ಬಾಯಾರಿಕೆಯೇ ಹೆಚ್ಚಿತ್ತು. ಜತ್ತದ ಜನ ಅಲ್ಲಿನ ಸರ್ಕಾರಕ್ಕೆ ಕೇಳಿದ ಪ್ರಶ್ನೆಯನ್ನು ನಮ್ಮ ಗಡಿ ಊರುಗಳೂ ಬೆಂಗಳೂರಿಗೆ ಕೇಳಬಹುದು.

ಇನ್ನೊಂದು ಮಾತನ್ನು ನಾವು ಸಾಮಾನ್ಯವಾಗಿ ನುಂಗಿಬಿಡುತ್ತೇವೆ. ಗಡಿ ತಕರಾರಿನ ಬಗ್ಗೆ ಮಹಾಜನ ಆಯೋಗ ಕೊಟ್ಟ ವರದಿಯೇ ಅಂತಿಮ ಎನ್ನುವುದು ನಮ್ಮ ನಿಲುವು. 1967ರ ಆ ವರದಿ ಬೆಳಗಾವಿಯನ್ನು ನಮಗೆ ಉಳಿಸಿತು, ಜತ್ತದ ಹಳ್ಳಿಗಳನ್ನೂ ಅಕ್ಕಲಕೋಟೆಯನ್ನೂ ನಮಗೆ ಕೊಡಬೇಕೆಂದಿತು; ಆದರೆ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದಿತ್ತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, ನಿಪ್ಪಾಣಿ ಇಲ್ಲೇ ಉಳಿಯಿತು. ಹಾಗೆ ಉಳಿದ ಊರಿನಲ್ಲಿ ಮನೆಯೊಳಗೆ ಮರಾಠಿ ಆಡುವ ಕುಟುಂಬವನ್ನು ನಾವು ಏನೆಂದು ಕಾಣುತ್ತೇವೆ? ನೆಲ ಬೇಕು, ಅದರ ಮೇಲಿರುವವರ ಮೇಲೆ ಅನುಮಾನ ಎಂದರೆ ಆ ಹಕ್ಕಿನಲ್ಲಿ ನೀತಿ ಉಳಿಯುವುದಿಲ್ಲ.

ನೆರೆ ರಾಜ್ಯದ ವಿಮೆಯನ್ನು ಕೋರ್ಟಿನಲ್ಲಿ, ದೆಹಲಿಯಲ್ಲಿ ಪ್ರಶ್ನಿಸಬೇಕಾದದ್ದೇ. ಆದರೆ ಅದು ಯಾರಿಗೂ ಬೇಡವಾಗುವಂತೆ ಮಾಡುವ ಕೆಲಸ ವಕೀಲರದಲ್ಲ. ಅಥಣಿಯಲ್ಲೇ ಹೃದಯಕ್ಕೆ ಚಿಕಿತ್ಸೆ ಸಿಗಬೇಕು, ಮಳೆಗಾಲದಲ್ಲೂ ಸೇತುವೆ ದಾಟುವಂತಿರಬೇಕು, ಕನ್ನಡ ಸಾಲಿಗೆ ಮಾಸ್ತರರು ಪೂರಾ ಇರಬೇಕು, ಮರಾಠಿ ಆಡುವವನ ಅರ್ಜಿಗೂ ಕಚೇರಿಯಲ್ಲಿ ಅದೇ ಮರ್ಯಾದೆ ಸಿಗಬೇಕು. ಇಷ್ಟಾದರೆ ಆಚೆಯಿಂದ ಎಂಥ ವಿಮೆ ಕಾರ್ಡು ಬಂದರೂ ಅದು ಬರೀ ಕಾಗದ. ಇಷ್ಟಾಗದಿದ್ದರೆ ತಪ್ಪು ಕಾರ್ಡು ಕಳಿಸಿದವರದಷ್ಟೇ ಅಲ್ಲ, ಅದಕ್ಕೆ ಜಾಗ ಬಿಟ್ಟುಕೊಟ್ಟವರದೂ ಹೌದು.