ಗೌರಿಯ ಮುಡಿಗೆ ವಿಷದ ಹೂವು

ಮಳೆಗಾಲ ಬಲಿತು ಮಲ್ಲಂದೂರಿನ ಕಾಫಿ ತೋಟಗಳ ಬೇಲಿಗಳೆಲ್ಲ ಹಸುರಿನಿಂದ ಮೈದುಂಬಿಕೊಂಡ ಮೇಲೆ, ಪೊದೆಗಳ ನಡುವಿನಿಂದ ತಲೆಯೆತ್ತುವ ಗೌರಿ ಹೂವಿನ ಬಳ್ಳಿಯನ್ನು ಗುರುತಿಸಲು ಹೂವು ಬಿಡುವ ತನಕ ಕಾಯಬೇಕಾದುದಿಲ್ಲ. ಎಲೆಯ ತುದಿಯನ್ನು ನೋಡಿದರೆ ಸಾಕು. ಎಲೆಯೇ ನೀಳವಾಗಿ ಚಾಚಿ, ಕೊನೆಯಲ್ಲಿ ಸುರುಳಿಗೊಂಡು, ಸಿಕ್ಕಿದ ಕಡ್ಡಿಯನ್ನು ಬಿಗಿಹಿಡಿದಿರುತ್ತದೆ. ಹೂವಿನ ಆರು ದಳಗಳೂ ಹಿಂದಕ್ಕೆ ಮಡಿದು ಮೇಲ್ಮುಖವಾಗಿ ನಿಲ್ಲುವುವು, ಅಂಚು ಅಲೆಯಲೆಯಾಗಿರುವುದು, ಬಣ್ಣ ಮೊದಲು ತಿಳಿಹಸುರು, ಆಮೇಲೆ ಹಳದಿ, ಬಾಡುವ ಮುನ್ನ ಕಡುಗೆಂಪು. ಅಗ್ನಿಶಿಖೆಯೆಂದು ಹಿರಿಯರು ಕರೆದುದನ್ನು ಲಿನೀಯಸ್ ಪಂಡಿತನು 1753ರಲ್ಲಿ ಗ್ಲೋರಿಯೋಸಾ ಸುಪರ್ಬಾ ಎಂದು ದಾಖಲಿಸಿದನು.

ಬೆಳೆಸುವ ಆಸೆಯುಳ್ಳವರು ನೇಗಿಲಿನಂತೆ ಕವಲೊಡೆದ ಇದರ ಗೆಡ್ಡೆಯನ್ನು ಮುಂಗಾರಿಗೆ ಮುನ್ನ, ನೀರು ನಿಲ್ಲದ ಮಣ್ಣಿನಲ್ಲಿ ಅಡ್ಡಲಾಗಿ ಮಲಗಿಸಬೇಕು. ಕವಲಿನ ತುದಿಯಲ್ಲಿರುವ ಮೊಳಕೆ ಮುರಿದರೆ ಆ ಕವಲು ಚಿಗುರದು. ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು. ಏಕೆಂದರೆ ಬಳ್ಳಿಯ ಸರ್ವಾಂಗದಲ್ಲಿಯೂ, ವಿಶೇಷವಾಗಿ ಗೆಡ್ಡೆಯಲ್ಲಿ, ಕಾಲ್ಚಿಸಿನ್ ಎಂಬ ಘೋರ ವಿಷವುಂಟು. ಗೆಣಸೆಂದು ಬಗೆದು ತಿಂದು ಪ್ರಾಣ ನೀಗಿದವರಿದ್ದಾರೆ. ಆಯುರ್ವೇದವು ಇದನ್ನು ಲಾಂಗಲಿಯೆಂಬ ಹೆಸರಿನಿಂದ ಉಪವಿಷಗಳಲ್ಲಿ ಎಣಿಸಿ, ಗೋಮೂತ್ರದಲ್ಲಿ ಶೋಧಿಸಿದ ಬಳಿಕವೇ ಔಷಧಕ್ಕೆ ಬಳಸುತ್ತದೆ.

ಹೀಗಿರಲು, ಭಾದ್ರಪದ ಶುದ್ಧ ತದಿಗೆಯ ದಿನ ಮಲೆನಾಡಿನ ಮುತ್ತೈದೆಯರು ಬೇಲಿ ಬೇಲಿ ಅಲೆದು ಈ ಹೂವನ್ನೇ ತಂದು ದೇವಿಗೆ ಮುಡಿಸುವುದು ಹೇಗೆ ಸಲ್ಲುತ್ತದೆ? ಪ್ರಾಣಹಾರಿಯಾದುದು ಪೂಜಾರ್ಹವಾದೀತೆ? ಮುಗ್ಧ ಜನರ ರೂಢಿಯೆಂದು ತಳ್ಳಿಹಾಕುವವರು ಆ ದೇವಿಯ ಸಂಸಾರವನ್ನೊಮ್ಮೆ ನೋಡಬೇಕು. ಪತಿಗೆ ಉಮ್ಮತ್ತಿಯ ಹೂವು, ಮಗನಿಗೆ ಎಕ್ಕದ ಹೂವು. ಒಂದನ್ನು ತಿಂದರೆ ಬುದ್ಧಿ ಕೆಡುವುದು, ಇನ್ನೊಂದರ ಹಾಲು ತಗುಲಿದರೆ ಕಣ್ಣು ಕೆಡುವುದು. ಮನೆಯ ಯಜಮಾನನೋ ಹಾಲಾಹಲವನ್ನೇ ಕೊರಳಲ್ಲಿ ಧರಿಸಿದವನು. ಆದರೆ ಅದೇ ಶಿವನ ಪೂಜೆಗೆ, ಇಡಿಯ ಓಣಿಗೆ ಕಂಪು ಬೀರುವ ನಿರಪಾಯದ ಕೇದಗೆ ಬಾರದು. ಜ್ಯೋತಿರ್ಲಿಂಗದ ತುದಿಯನ್ನು ಕಂಡೆನೆಂದ ಬ್ರಹ್ಮನ ಪರವಾಗಿ ಅದು ಸುಳ್ಳುಸಾಕ್ಷಿ ನುಡಿಯಿತೆಂಬುದೇ ಕಾರಣವೆಂದು ಪುರಾಣ ಹೇಳುತ್ತದೆ. ಈ ಕಥೆಯನ್ನು ಕಟ್ಟಿದವನ ನ್ಯಾಯಬುದ್ಧಿ ಅಸಾಮಾನ್ಯವಾದುದೆಂದೇ ನನ್ನ ಅಭಿಪ್ರಾಯ: ವಿಷವು ವಸ್ತುವಿನ ಸ್ವಭಾವ, ಸುಳ್ಳು ಕರ್ತೃವಿನ ಕೃತ್ಯ, ಮೊದಲನೆಯದಕ್ಕೆ ಎಚ್ಚರ ಸಾಕು, ಎರಡನೆಯದಕ್ಕೆ ಮಾತ್ರ ಶಿಕ್ಷೆ.

ಗೆಡ್ಡೆಯೂ ಗೆಣಸಿನ ವೇಷ ತೊಟ್ಟು ವಂಚಿಸಿತಲ್ಲವೇ ಎಂದು ತಾರ್ಕಿಕರು ಕೇಳಿಯಾರು. ಹಗ್ಗವು ತಾನು ಹಾವೆಂದು ಎಂದೂ ಹೇಳಿಕೊಂಡುದಿಲ್ಲ; ಆರೋಪಿಸಿದುದು ನೋಡುವ ಕಣ್ಣು. ಶಂಕರರ ಈ ದೃಷ್ಟಾಂತವು ಬಳ್ಳಿಗೂ ಸಲ್ಲುತ್ತದೆ. ಸುರುಳಿ ತುದಿಯ ಎಲೆಯನ್ನು ಅದು ಎಲ್ಲರ ಕಣ್ಣೆದುರಿಗೇ ಚಾಚಿರುತ್ತದೆ, ನೋಡದೆ ಅಗೆದವರದು ಅವಿಚಾರ.

ಪೂಜೆಗೊಂಡಿತೆಂದು ವಿಷವೇನೂ ಇಳಿಯುವುದಿಲ್ಲ. ಆದುದರಿಂದ ಮರುದಿನ ನಿರ್ಮಾಲ್ಯವನ್ನು ತೆಗೆಯುವಾಗ ಗೌರಿ ಹೂವನ್ನು ಬೇರೆಯಾಗಿ ಆರಿಸಿ, ಕೊಟ್ಟಿಗೆಯ ದನಗಳ ಬಾಯಿಗೆ ಸಿಗದಂತೆ, ಮಕ್ಕಳಾಡದ ಮೂಲೆಯಲ್ಲಿ ಮಣ್ಣು ಮುಚ್ಚುವುದು ಲೇಸು.